ದೀಪಕ್ಕಿಂತ ಮೊದಲು ಸರಪಳಿ

ಬಂದರಿನ ಕಾಲುವೆಯ ಅಂಚನ್ನು ಹಡಗುಗಳಿಗೆ ತೋರಿಸುವ ತೇಲುಗುರುತುಗಳಾದ ಬೋಯಾಗಳನ್ನು ಎತ್ತಿ, ದುರಸ್ತಿ ಮಾಡಿ, ಮತ್ತೆ ಅದೇ ಜಾಗದಲ್ಲಿ ಇಳಿಸುವ ಹಡಗಿನಲ್ಲಿ ನಾನು ಒಂಬತ್ತು ವರ್ಷ ದುಡಿದೆ. ಅಮೆರಿಕದಲ್ಲಿ ಈ ಕೆಲಸವನ್ನು ಕೋಸ್ಟ್ ಗಾರ್ಡ್‌ನ 225 ಅಡಿ ಉದ್ದದ, ಕಪ್ಪು ಬಣ್ಣದ ಹಡಗುಗಳು ಮಾಡುತ್ತವೆ; ನಮ್ಮಲ್ಲಿ ಬಂದರಿನ ಬೋಯಾಗಳ ಹೊಣೆ ಸಾಮಾನ್ಯವಾಗಿ ಬಂದರಿನವರದೇ. ಬಣ್ಣವೂ ಅದಲುಬದಲು: ಸಮುದ್ರದಿಂದ ಒಳಬರುವ ಹಡಗಿಗೆ ನಮ್ಮಲ್ಲಿ ಕೆಂಪು ಬೋಯಾ ಎಡಕ್ಕಿದ್ದರೆ, ಅಲ್ಲಿ ಬಲಕ್ಕೆ.

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ನಮ್ಮ ಕೆಲಸ ಶುರುವಾಗುತ್ತಿತ್ತು. ಕ್ರೇನಿನ ಕೊಕ್ಕೆಗೆ ತೂಗಿಕೊಂಡು ಬಂದ ಬೋಯಾದ ತಳದಲ್ಲಿ ಪಾಚಿಯೂ ಪಚ್ಚಿಲೆ ಚಿಪ್ಪುಗಳೂ ಗೇಣುದ್ದ ಬೆಳೆದಿರುತ್ತಿದ್ದವು. ಅವನ್ನು ಕೆರೆದು, ಬಣ್ಣ ಬಳಿದು, ಸೋಲಾರ್ ಫಲಕದ ಮೇಲಿನ ಹಕ್ಕಿ ಹಿಕ್ಕೆ ತೊಳೆದು, ದೀಪ ಮಿನುಗುವ ಲಯವು ನಕ್ಷೆಯಲ್ಲಿ ಬರೆದಂತೆಯೇ ಇದೆಯೇ ಎಂದು ಸ್ಟಾಪ್‌ವಾಚ್ ಹಿಡಿದು ನೋಡಿದರೆ ಮುಗಿಯಿತೆಂದು ಮೊದಲೆರಡು ವರ್ಷ ನಾನು ತಿಳಿದಿದ್ದೆ.

ಮೂರನೆಯ ವರ್ಷದ ಜುಲೈಯಲ್ಲಿ, ನಾನೇ ಬಣ್ಣ ಬಳಿಸಿದ್ದ ಕೆಂಪು ಬೋಯಾ ಕಿತ್ತುಹೋಗಿ, ದೂರದ ಮರಳ ದಂಡೆಯಲ್ಲಿ ಮಗ್ಗುಲಾಗಿ ಬಿದ್ದು, ರಾತ್ರಿಯಿಡೀ ಮಿನುಗುತ್ತಿತ್ತಂತೆ; ಮೀನುಗಾರರು ಫೋನ್ ಮಾಡಿದರು. ಬೋಯಾವನ್ನು ಕಡಲತಳದ ಕಾಂಕ್ರೀಟ್ ಭಾರಕ್ಕೆ ಕಟ್ಟಿದ್ದ ಸರಪಳಿಯಲ್ಲಿ, ತುಂಡಾಗಿದ್ದ ಕೊಂಡಿಯ ದಪ್ಪ 38 ಮಿಲಿಮೀಟರ್‌ನಿಂದ ಬೆರಳಿನಷ್ಟಕ್ಕೆ ಇಳಿದಿತ್ತು. ಬೋಯಾ ಅಲೆಗೆ ಏರಿಳಿದಾಗಲೆಲ್ಲ ಸರಪಳಿಯ ಒಂದು ಭಾಗ ತಳದ ಮರಳಿನಿಂದ ಎದ್ದು ಮತ್ತೆ ಬೀಳುತ್ತದೆ. ಕೊಂಡಿಗೆ ಕೊಂಡಿ ತಾಗುವಲ್ಲಿ ಮರಳು ಸೇರಿ ಅರದಂತೆ ಕಬ್ಬಿಣವನ್ನು ತಿನ್ನುತ್ತದೆ. ನಾನು ನೋಡದೆ ನೀರಲ್ಲೇ ಬಿಟ್ಟಿದ್ದುದು ಆ ಭಾಗವನ್ನೇ. ಆಮೇಲೆ ತಳದ ಕಾಂಕ್ರೀಟ್ ಭಾರದವರೆಗೂ ಸರಪಳಿಯನ್ನು ಡೆಕ್ಕಿನ ಮೇಲೆ ಎಳೆಸಿ, ಕೊಂಡಿಗಳ ಒಳಮೈಯನ್ನು ಕೆರೆದು, ಕ್ಯಾಲಿಪರ್‌ನಿಂದ ಅಳೆದು ಬರೆದಿಡದೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಯಾರನ್ನೂ ಬಿಡಲಿಲ್ಲ.

ಇಳಿಸುವುದು ಇನ್ನೂ ನಾಜೂಕಿನ ಕೆಲಸ. ಭಾರ ಹಡಗಿನ ಪಕ್ಕಕ್ಕೆ ತೂಗಾಡುತ್ತಿರುವಾಗ ಸರಪಳಿಯ ಸುರುಳಿಯೊಳಗೆ ಯಾರ ಕಾಲೂ ಇರಕೂಡದು, "ಕಾಲು ನೋಡ್ಕೊಳ್ರೋ!" ಎಂದು ಖಲಾಸಿಗಳ ಮುಖ್ಯಸ್ಥರಾದ ಸಾರಂಗರು ಮೂರು ಸಲ ಕೂಗಿದ ಮೇಲಷ್ಟೇ ಹಿಡಿತ ಬಿಡಿಸುತ್ತಿದ್ದರು. ಜಿಪಿಎಸ್ ತೋರಿಸುವುದು ಅದರ ಆಂಟೆನಾ ಇರುವ ಜಾಗವನ್ನು, ಭಾರ ಬೀಳುವ ಜಾಗವನ್ನಲ್ಲ; ಹಡಗಿನ ಮೂತಿ ತಿರುಗಿದಂತೆ ಆ ಅಂತರದ ದಿಕ್ಕೂ ತಿರುಗುತ್ತದೆ. ಮೊದಲ ಸಲ ನಾನು ಈ ಲೆಕ್ಕ ಮರೆತು ಬೋಯಾವನ್ನು ಅದರ ಜಾಗದಿಂದ ಒಂಬತ್ತು ಮೀಟರ್‌ನಷ್ಟು ಕಾಲುವೆಯೊಳಕ್ಕೆ ಇಳಿಸಿದ್ದೆ. ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ಮತ್ತೆ ಎತ್ತಬೇಕಾಯಿತು. ಖಲಾಸಿಗಳು ಸಂಜೆಯವರೆಗೆ ನನ್ನೊಡನೆ ಮಾತಾಡಲಿಲ್ಲ.