ಬೇಸ್‌ಬಾಲ್ ನೋಡಲು ಹೊರಟ ಅಮೆರಿಕದ ಕನ್ನಡಿಗರಿಗೆ

ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲ್ ಮೊದಲು ಸುಲಭ ಅನ್ನಿಸಿ, ಆಮೇಲೆ ಗೊಂದಲ ಶುರುವಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಒಂದೇ: ಇಲ್ಲಿ ಚೆಂಡು ಹೊಡೆದ ಮೇಲೆ ಓಡದೆ ನಿಲ್ಲುವ ಹಾಗಿಲ್ಲ. ರಾಹುಲ್ ದ್ರಾವಿಡ್ ಹಾಗೆ ಚೆಂಡನ್ನು ಕಾಲಬುಡಕ್ಕೆ ತಟ್ಟಿ ಕ್ರೀಸಿನಲ್ಲೇ ಉಳಿಯುವ ಆಟ ಇಲ್ಲಿ ನಡೆಯದು.

ಬ್ಯಾಟರ್ ನಿಲ್ಲುವ ಕಡೆಯ ಬಿಳಿ ಫಲಕವಾದ ಹೋಮ್ ಪ್ಲೇಟಿನಿಂದ ಎಳೆದ ಎರಡು ಬಿಳಿ ಗೆರೆಗಳ ಒಳಗೆ ಚೆಂಡು ಬಿದ್ದರೆ ಫೇರ್, ಹೊರಗೆ ಬಿದ್ದರೆ ಫೌಲ್. ನಮ್ಮ ಲೆಗ್ ಗ್ಲಾನ್ಸಿಗೆ ಇಲ್ಲಿ ಬೆಲೆಯೇ ಇಲ್ಲ. ಚೆಂಡು ಫೇರ್ ಆಯಿತೆಂದರೆ ಬ್ಯಾಟರ್ ಮೊದಲ ಬೇಸಿಗೆ, ಅಂದರೆ ಓಟದ ದಾರಿಯ ಮೊದಲ ನಿಲ್ದಾಣಕ್ಕೆ, ಓಡಲೇಬೇಕು. ಒಂದು ಬೇಸಿನಲ್ಲಿ ಒಬ್ಬನಿಗಷ್ಟೇ ಜಾಗ. ಹಾಗಾಗಿ ಚೆಂಡು ನೆಲಕ್ಕೆ ಬಿದ್ದಾಗ ಅಲ್ಲಿ ಮೊದಲೇ ನಿಂತಿದ್ದವನು ಎರಡನೆಯದಕ್ಕೆ ಓಡದೆ ವಿಧಿಯಿಲ್ಲ. ಅವನು ತಲುಪುವ ಮುಂಚೆ ಫೀಲ್ಡರ್ ಚೆಂಡು ಹಿಡಿದು ಆ ಬೇಸನ್ನು ತುಳಿದರೆ ಸಾಕು, ಔಟ್. ಇದು ಫೋರ್ಸ್ ಔಟ್. ಓಡಲೇಬೇಕಾದ ಒತ್ತಡ ಇಲ್ಲದವನನ್ನಾದರೆ ಚೆಂಡಿರುವ ಕೈಯಿಂದ ಮುಟ್ಟಿಯೇ ಔಟ್ ಮಾಡಬೇಕು, ಅದು ಟ್ಯಾಗ್. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಆಟ ಗೊತ್ತಾದ ಹಾಗೆ.

ಕಾಮೆಂಟರಿಯಲ್ಲಿ '6-4-3 ಡಬಲ್ ಪ್ಲೇ' ಅಂದರೆ ಜೆರ್ಸಿ ನಂಬರ್ ಹುಡುಕಬೇಡಿ. ಅವು ಫೀಲ್ಡಿಂಗ್ ಸ್ಥಾನದ ನಂಬರುಗಳು. ಚೆಂಡು ಶಾರ್ಟ್‌ಸ್ಟಾಪ್‌ನಿಂದ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಎರಡನೇ ಬೇಸ್‌ಮನ್‌ಗೆ, ಅಲ್ಲಿಂದ ಮೊದಲ ಬೇಸ್‌ಮನ್‌ಗೆ ಹೋಗಿ ಇಬ್ಬರು ಔಟ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಕೈಚಳಕ ಈ ಆಟದ ಅತಿ ಸುಂದರ ಗಳಿಗೆ ಎಂದೇ ನನ್ನ ಅಭಿಪ್ರಾಯ.

ಇನ್ನು ಕೌಂಟ್. '2-1' ಅಂದರೆ ಎರಡು ಬಾಲ್, ಒಂದು ಸ್ಟ್ರೈಕ್. ಸರಿಯಾದ ಜಾಗದ ಹೊರಗೆ ಬಂದು ಬ್ಯಾಟರ್ ಬೀಸದೆ ಬಿಟ್ಟ ಎಸೆತ ಬಾಲ್. ಬೀಸಿ ತಪ್ಪಿದ್ದು ಅಥವಾ ಸರಿಯಾದ ಜಾಗದಲ್ಲಿ ಬಂದರೂ ಬಿಟ್ಟದ್ದು ಸ್ಟ್ರೈಕ್. ನಾಲ್ಕು ಬಾಲ್ ಆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ, ಮೂರು ಸ್ಟ್ರೈಕ್ ಆದರೆ ಔಟ್. ಫೌಲ್ ಕೂಡ ಸ್ಟ್ರೈಕೇ, ಆದರೆ ಬಂಟ್ (ಬೀಸದೆ ಬ್ಯಾಟನ್ನು ಮೆಲ್ಲಗೆ ತಾಗಿಸುವುದು) ಬಿಟ್ಟರೆ ಮೂರನೇ ಸ್ಟ್ರೈಕ್ ಫೌಲಿನಿಂದ ಬರುವುದಿಲ್ಲ. ಅದಕ್ಕೇ 3-2 ಆದಾಗ ಒಳ್ಳೆಯ ಬ್ಯಾಟರ್ ಫೌಲ್ ಮೇಲೆ ಫೌಲ್ ಹೊಡೆದು ಚೆಂಡು ಎಸೆಯುವ ಪಿಚರ್‌ನನ್ನು ದಣಿಸುತ್ತಾನೆ. ಆಗ ಫೋನ್ ಒಳಗಿಡಿ.

ಸ್ಕೋರ್‌ಬೋರ್ಡಿನಲ್ಲಿ ಮೇಲಿನ ಸಾಲು ಪ್ರವಾಸಿ ತಂಡದ್ದು. ಮೊದಲು ಬ್ಯಾಟಿಂಗ್ ಅವರದೇ. ಒಂಬತ್ತು ಇನ್ನಿಂಗ್ಸ್‌ಗಳ ಪಕ್ಕದಲ್ಲಿ ಆರ್, ಎಚ್, ಇ ಎಂದಿರುತ್ತದೆ: ರನ್, ಹಿಟ್, ಎರರ್. ಬೇಸ್‌ಗಳನ್ನೆಲ್ಲ ಸುತ್ತಿ ಹೋಮ್ ಪ್ಲೇಟಿಗೆ ಮರಳಿದರೆ ಒಂದು ರನ್. ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದರೆ ಹಿಟ್, ಫೀಲ್ಡರ್ ಮಾಡುವ ತಪ್ಪು ಎರರ್. ಗೆಲುವು ರನ್ನಿನಿಂದ ಮಾತ್ರ. ಕೆ ಅಂದರೆ ಸ್ಟ್ರೈಕ್‌ಔಟ್. ಬ್ಯಾಟ್ ಬೀಸದೆಯೇ ಔಟಾದರೆ ಆ ಅಕ್ಷರವನ್ನು ತಿರುಗಿಸಿ ಬರೆಯುತ್ತಾರೆ. ಬಿಬಿ ಅಂದರೆ ನಾಲ್ಕು ಬಾಲಿನ ವಾಕ್. ಆರ್‌ಬಿಐ ಬ್ಯಾಟರ್ ತನ್ನ ಆಟದಿಂದ ತಂಡಕ್ಕೆ ತಂದುಕೊಟ್ಟ ರನ್. ಇಆರ್‌ಎ ಒಬ್ಬ ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್. ಫೀಲ್ಡರ್‌ಗಳ ಎರರ್‌ನಿಂದ ಬಂದವು ಇದಕ್ಕೆ ಸೇರುವುದಿಲ್ಲ. ಮೂರಕ್ಕಿಂತ ಕಡಿಮೆ ಇದ್ದರೆ ಭರ್ಜರಿ ಪಿಚರ್. ಬ್ಯಾಟಿಂಗ್ ಸರಾಸರಿ .300 ಎಂದು ಕಂಡರೆ ಕಡಿಮೆ ಅನ್ನಬೇಡಿ. ಹತ್ತರಲ್ಲಿ ಮೂರು ಸಲ ಹಿಟ್ ಹೊಡೆಯುವವನು ಇಲ್ಲಿ ದೊಡ್ಡ ಆಟಗಾರ.

ಹೊತ್ತಿನ ಚಿಂತೆಯೂ ಮೊದಲಿನಷ್ಟಿಲ್ಲ. 2023ರಲ್ಲಿ ಪಿಚ್ ಕ್ಲಾಕ್, ಅಂದರೆ ಚೆಂಡು ಎಸೆಯಲು ಸಮಯದ ಮಿತಿ, ಬಂದ ಮೇಲೆ ಪಂದ್ಯಗಳು ಬೇಗ ಮುಗಿಯುತ್ತಿವೆ. ಚಿಕ್ಕ ಮಕ್ಕಳು ಜೊತೆಗಿದ್ದರೆ ಹೋಮ್ ಪ್ಲೇಟಿನ ಹಿಂದೆ, ಬಲೆ ಕಟ್ಟಿರುವ ಕಡೆಯ ಸೀಟನ್ನೇ ಆರಿಸಿ. ಫೌಲ್ ಚೆಂಡು ಪ್ರೇಕ್ಷಕರತ್ತ ಬಹಳ ವೇಗವಾಗಿ ಬರುತ್ತದೆ.