ಎಂಜಿನ್ ಬದಲಿಸಿದ ಮೇಲೆ ಸೆಲ್ಫ್ ಹೊಡೆಯುತ್ತಿಲ್ಲವೇ? ಮೊದಲು ಅರ್ಥ್ ನೋಡಿ

1985ರಲ್ಲಿ ಬಂದ ಮೊದಲ ಮಾರುತಿ ಜಿಪ್ಸಿಯ 970 ಸಿಸಿ ಎಂಜಿನ್ ಘಟ್ಟದ ಏರಿನಲ್ಲಿ ಏದುಸಿರು ಬಿಡುತ್ತದೆ. ಅದನ್ನು ಇಳಿಸಿ ಎಸ್ಟೀಮ್‌ನ 1298 ಸಿಸಿ ಎಂಜಿನ್ ಕೂರಿಸುವ ರೂಢಿ ಈ ಗಾಡಿಯ ಪ್ರಿಯರಲ್ಲಿ ಹಳೆಯದು. ಎಲ್ಲ ಬೋಲ್ಟ್ ಬಿಗಿದು ಕೀ ತಿರುಗಿಸಿದರೆ ಸದ್ದೇ ಇಲ್ಲ, ಅಥವಾ ಒಂದೇ ಒಂದು ‘ಟಕ್’. ಆಗ ಹೆಚ್ಚಿನವರು ಎಂಜಿನ್ ಮಾರಿದ ಗುಜರಿಯವನನ್ನು ಬೈಯುತ್ತಾರೆ, ಇಲ್ಲವೇ ಸೆಲ್ಫ್ ಮೋಟಾರ್ ಬಿಚ್ಚಲು ಗಾಡಿಯ ಕೆಳಗೆ ನುಗ್ಗುತ್ತಾರೆ. ಎರಡಕ್ಕೂ ಅವಸರ ಬೇಡ. ಹಳೆಯ ಎಂಜಿನ್ ಇದ್ದಾಗ ಚೆನ್ನಾಗಿದ್ದ ಸೆಲ್ಫ್ ಈಗ ಸುಮ್ಮನಿದೆ ಎಂದರೆ, ನೀವು ಬಿಚ್ಚಿ ಮರುಜೋಡಿಸಿದ ಜಾಗಗಳಲ್ಲೇ ದೋಷ ಇರುವ ಸಂಭವ ಹೆಚ್ಚು.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ ಎಂದಾದರೆ ಪೆಟ್ರೋಲ್ ಮತ್ತು ಸ್ಪಾರ್ಕ್ ನೋಡಬೇಕು. ಅದು ಬೇರೆ ಲೇಖನದ ವಿಷಯ.

ಬ್ಯಾಟರಿ

ಎಂಜಿನ್ ಕೆಲಸ ನಡೆಯುವಾಗ ಬ್ಯಾಟರಿ ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತದೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಅಳೆಯಿರಿ. ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ತೋರಿಸುತ್ತದೆ. 12.2ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಸಿ ಮುಂದುವರಿಯಿರಿ. ಕೀ ತಿರುಗಿಸಿದಾಗ ‘ಟಕ ಟಕ ಟಕ’ ಎಂದು ಬಿಡದೆ ಬಡಿದುಕೊಂಡರೆ ಬ್ಯಾಟರಿ ಸೋತಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ.

ಅರ್ಥ್

ಸಮಯವೆಲ್ಲ ಇಲ್ಲಿಗೇ ಕೊಡಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ; ಸೆಲ್ಫ್‌ಗೆ ಬಂದ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿಯೇ ಅರ್ಥ್. ಹಾಗಾಗಿ ಎಂಜಿನ್ನಿಗೂ ಚಾಸಿಗೂ ನಡುವೆ ದಪ್ಪನೆಯ ಅರ್ಥ್ ಕೇಬಲ್ ಇರುತ್ತದೆ. ಎಂಜಿನ್ ಇಳಿಸುವಾಗ ಬಿಚ್ಚಿಟ್ಟ ಅದನ್ನು ಹಾಕುವಾಗ ಮರೆಯುವುದು ಬಹಳ ಸಾಮಾನ್ಯ. ಹಾಕಿದ್ದರೂ ಹೊಸದಾಗಿ ಬಣ್ಣ ಬಳಿದ ಜಾಗಕ್ಕೆ ಬಿಗಿದಿದ್ದರೆ ಪ್ರಯೋಜನವಿಲ್ಲ.

ಹೆಡ್‌ಲೈಟ್, ಹಾರ್ನ್ ಸರಿಯಾಗಿವೆ ಎಂದು ಮೋಸ ಹೋಗಬೇಡಿ. ಅವುಗಳ ಅರ್ಥ್ ಬಾಡಿಯಿಂದ ಬರುತ್ತದೆ, ಎಂಜಿನ್ನಿನಿಂದಲ್ಲ. ಕೀ ಹಿಡಿದಾಗ ಕ್ಲಚ್ ಕೇಬಲ್ ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿ ಹೊಗೆಯಾಡಿದರೆ ಅನುಮಾನವೇ ಬೇಡ: ಸರಿಯಾದ ದಾರಿ ಸಿಗದ ಕರೆಂಟ್ ಆ ತೆಳು ತಂತಿಗಳ ಮೂಲಕ ಮರಳುತ್ತಿದೆ. ತಕ್ಷಣ ಕೀ ಬಿಡಿ.

ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ ಹಿಡಿಯಿರಿ. ಇನ್ನೊಬ್ಬರು ಕೀ ತಿರುಗಿಸಲಿ. ಸೆಲ್ಫ್ ಕರೆಂಟ್ ಎಳೆಯುತ್ತಿರುವಾಗ 0.2 ವೋಲ್ಟಿನ ಆಸುಪಾಸು ಬಂದರೆ ಅರ್ಥ್ ಸರಿಯಿದೆ. ಒಂದು ವೋಲ್ಟ್ ದಾಟಿದರೆ ದೋಷವಿದೆ. 12ರ ಹತ್ತಿರ ಬಂದರೆ ಅರ್ಥ್ ಕೇಬಲ್ಲೇ ಇಲ್ಲ ಎಂದು ತಿಳಿಯಿರಿ. ಮೀಟರ್ ಇಲ್ಲದವರು ಜಂಪರ್ ಕೇಬಲಿನಿಂದ ಬ್ಯಾಟರಿಯ ನೆಗೆಟಿವನ್ನು ನೇರವಾಗಿ ಬ್ಲಾಕಿಗೆ ಕೊಟ್ಟು ನೋಡಬಹುದು. ಸೆಲ್ಫ್ ಹೊಡೆದರೆ ಬಣ್ಣ ಕೆರೆದು ಹೊಸ ಕೇಬಲ್ ಹಾಕಿ.

ಸೆಲ್ಫ್‌ನ ತೆಳು ವೈರ್

ಅರ್ಥ್ ಸರಿಯಿದ್ದೂ ಸದ್ದಿಲ್ಲದಿದ್ದರೆ ಸೊಲೆನಾಯ್ಡ್ ಕಡೆ, ಅಂದರೆ ಕೀ ತಿರುಗಿಸಿದಾಗ ಮೋಟಾರಿಗೆ ಕರೆಂಟ್ ಬಿಡುವ ಸೆಲ್ಫ್‌ನ ಸ್ವಿಚ್ ಕಡೆ ಬನ್ನಿ. ಅಲ್ಲಿ ಎರಡು ದಪ್ಪ ಬೋಲ್ಟ್‌ಗಳು, ಒಂದು ತೆಳು ವೈರಿನ ಕನೆಕ್ಟರ್ ಇರುತ್ತವೆ. ಬ್ಯಾಟರಿಯ ಕೇಬಲ್ ಒಂದು ದಪ್ಪ ಬೋಲ್ಟಿಗೆ ಬರುತ್ತದೆ. ಇನ್ನೊಂದರಿಂದ ಕರೆಂಟ್ ಮೋಟಾರಿನೊಳಗೆ ಹೋಗುತ್ತದೆ. ಕೀ ಸ್ವಿಚ್‌ನಿಂದ ಬರುವ ತೆಳು ವೈರ್ ಕಳಚಿ ನೇತಾಡುವುದೇ ಇಲ್ಲಿನ ಸಾಮಾನ್ಯ ದೋಷ.

ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ಎರಡು ಸಲ ನೋಡಿ. ಕೈಗಡಿಯಾರ, ಉಂಗುರ ತೆಗೆದಿಡಿ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ವೈರನ್ನು ತೆಳು ವೈರಿನ ಟರ್ಮಿನಲ್‌ಗೆ ಕ್ಷಣ ಮುಟ್ಟಿಸಿ. ಸೆಲ್ಫ್ ತಿರುಗಿದರೆ ಮೋಟಾರಿನದ್ದು ತಪ್ಪಿಲ್ಲ. ಕೀ ಸ್ವಿಚ್, ಫ್ಯೂಸ್, ರಿಲೇ ಹುಡುಕಿ. ಹೊಸ ಕಾರುಗಳಲ್ಲಿ ಕ್ಲಚ್ ಸ್ವಿಚ್, ಆಟೊಮ್ಯಾಟಿಕ್‌ನಲ್ಲಿ ನ್ಯೂಟ್ರಲ್ ಸ್ವಿಚ್, ಕೆಲವು ಮಾದರಿಗಳಲ್ಲಿ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೂಡ ಇದೇ ದಾರಿಯಲ್ಲಿ ಅಡ್ಡ ಬರುತ್ತವೆ.

ಕೈಯಿಂದ ತಿರುಗಿಸಿ

ಸೊಲೆನಾಯ್ಡ್ ‘ಟಕ್’ ಎಂದು ನಿಂತುಬಿಟ್ಟರೆ, ಬ್ಯಾಟರಿ ಅರ್ಥ್ ಎರಡೂ ಸರಿಯಿದ್ದರೆ, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಮುಂದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಪೂರ್ತಿ ಎರಡು ಸುತ್ತು ಹಾಕಿ. ಪ್ಲಗ್ ತೂತಿನಿಂದ ನೀರು ಅಥವಾ ಎಣ್ಣೆ ಚಿಮ್ಮಿದರೆ ಸಿಲಿಂಡರಿನಲ್ಲಿ ಅದೇ ತುಂಬಿತ್ತು. ಹೀಗೆ ತುಂಬಿದ ಎಂಜಿನ್ನಿಗೆ ಸೆಲ್ಫ್ ಒತ್ತಿಯೇ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಪ್ಲಗ್ ಇಲ್ಲದೆಯೂ ಅಲುಗದಿದ್ದರೆ ಈಗ ಸೆಲ್ಫ್ ಬಿಚ್ಚಿ. ಆಮೇಲೆ ತಿರುಗಿದರೆ ಸೆಲ್ಫ್‌ನ ಹಲ್ಲು ರಿಂಗ್ ಗೇರಿನಲ್ಲಿ ಸಿಕ್ಕಿಕೊಂಡಿತ್ತು ಎಂದರ್ಥ. ಸೆಲ್ಫ್ ಕೂರುವುದು ಗೇರ್‌ಬಾಕ್ಸ್ ಹೌಸಿಂಗ್ ಮೇಲೆ, ರಿಂಗ್ ಗೇರ್ ಇರುವುದು ಎಂಜಿನ್ನಿನ ತುದಿಯ ಭಾರದ ಚಕ್ರವಾದ ಫ್ಲೈವೀಲ್ ಮೇಲೆ. ಒಂದು ಗಾಡಿಯ ಗೇರ್‌ಬಾಕ್ಸಿಗೆ ಇನ್ನೊಂದರ ಫ್ಲೈವೀಲ್ ಬಂದಾಗ ಹಲ್ಲುಗಳು ಹೊಂದದಿರಬಹುದು. ಹಳೆಯ ಫ್ಲೈವೀಲ್ ಪಕ್ಕದಲ್ಲಿಟ್ಟು ಹೋಲಿಸಿ. ಸೆಲ್ಫ್ ತೆಗೆದರೂ ತಿರುಗದಿದ್ದರೆ ಫ್ಲೈವೀಲಿನ ಬೋಲ್ಟ್ ಉದ್ದವಾಗಿ ಬ್ಲಾಕಿಗೆ ತಾಗಿದೆಯೇ, ಸಂದಿ ಇರುವಾಗಲೇ ಗೇರ್‌ಬಾಕ್ಸನ್ನು ಬೋಲ್ಟಿನಿಂದ ಎಳೆದು ಬಿಗಿದಿದ್ದೀರಾ ಎಂದು ನೋಡಬೇಕು. ಅದಕ್ಕೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ಇಳಿಸಿದಾಗ ಕ್ಲಚ್ ರಿಲೀಸ್ ಬೇರಿಂಗನ್ನೂ ಹೊಸದು ಹಾಕಿಬಿಡಿ. ಅದೊಂದಕ್ಕಾಗಿ ಮತ್ತೆ ಎಲ್ಲವನ್ನೂ ಬಿಚ್ಚುವುದು ತಪ್ಪುತ್ತದೆ.