ಸೆಕ್ಯೂರ್‌ಡ್ರಾಪ್ ಅಪ್‌ಡೇಟ್: ಸರ್ವರ್‌ಗಿಂತ ಸೋರ್ಸ್‌ಗಳದ್ದೇ ಚಿಂತೆ

ನಮ್ಮ ಸುದ್ದಿಮನೆಯ ಸೆಕ್ಯೂರ್‌ಡ್ರಾಪ್ ನೋಡಿಕೊಳ್ಳುವ ಕೆಲಸ ನನ್ನದು. ಹೆಸರು ಹೇಳದೆ ದಾಖಲೆ ಕೊಡಬೇಕು ಅನ್ನುವವರು ಎಲ್ಲಿಂದ ಬಂದರು ಅನ್ನುವುದನ್ನು ಮರೆಮಾಡುವ ಟಾರ್ ಬ್ರೌಸರ್‌ನಲ್ಲಿ ಬಂದು ಪತ್ರಕರ್ತರಿಗೆ ಫೈಲ್ ಹಾಕಿ ಹೋಗುತ್ತಾರಲ್ಲ, ಆ ಸಾಫ್ಟ್‌ವೇರ್. ಆರನ್ ಸ್ವಾರ್ಟ್ಜ್ ಮತ್ತಿತರರು ಶುರು ಮಾಡಿದ್ದು, 2013ರಿಂದ ಫ್ರೀಡಮ್ ಆಫ್ ದಿ ಪ್ರೆಸ್ ಫೌಂಡೇಶನ್ ನಡೆಸಿಕೊಂಡು ಬರುತ್ತಿದೆ.

ಅಪ್‌ಡೇಟ್ ಅಂದರೆ ಒಂದು ಬಟನ್ ಒತ್ತೋದು ಅಲ್ವಾ ಅಂತ ಕೇಳುತ್ತಾರೆ. ಸಣ್ಣಪುಟ್ಟದ್ದಕ್ಕೆ ಅದೂ ಬೇಕಿಲ್ಲ. ಸೆಕ್ಯೂರ್‌ಡ್ರಾಪ್ ಓಡುವ ಎರಡೂ ಸರ್ವರ್‌ಗಳು ದಿನಾ ತಾವೇ ಹೊಸ ಪ್ಯಾಕೇಜ್ ಇಳಿಸಿಕೊಂಡು ರೀಬೂಟ್ ಆಗುತ್ತವೆ.

ತಲೆನೋವು ಬಂದಿದ್ದು 2021ರಲ್ಲಿ. ಟಾರ್‌ನವರು 16 ಅಕ್ಷರದ ಹಳೇ ಆನಿಯನ್ ವಿಳಾಸಗಳನ್ನು (ಟಾರ್‌ನಲ್ಲಿ ಮಾತ್ರ ತೆರೆಯುವ ವೆಬ್ ವಿಳಾಸಗಳು) ಆ ವರ್ಷ ಕೈಬಿಡುವವರಿದ್ದರು, ಎಲ್ಲರೂ 56 ಅಕ್ಷರದ ಹೊಸ ವಿಳಾಸಕ್ಕೆ ಹೋಗಬೇಕಿತ್ತು. ಹೊಸ ವಿಳಾಸ ಮಾಡುವುದೇನೂ ಕಷ್ಟವಲ್ಲ. ಆದರೆ ಅದನ್ನು ಯಾರಿಗೆ ಹೇಳೋದು? ನಮ್ಮ ಸೋರ್ಸ್ ಯಾರು ಅಂತ ನಮಗೇ ಗೊತ್ತಿಲ್ಲ. ಫೋನ್ ನಂಬರ್ ಇಲ್ಲ, ಇಮೇಲ್ ಇಲ್ಲ, ಇರಬಾರದು ಅಂತಲೇ ಇದನ್ನು ಕಟ್ಟಿರುವುದು. ಅವರ ಕೈಯಲ್ಲಿರುವುದು ಮತ್ತೆ ಬಂದು ಉತ್ತರ ನೋಡಲು ಸೆಕ್ಯೂರ್‌ಡ್ರಾಪ್ ಕೊಟ್ಟ ಏಳು ಪದಗಳ ಒಂದು ಕೋಡ್‌ನೇಮ್, ಮತ್ತೆ ಎಲ್ಲೋ ಬರೆದಿಟ್ಟುಕೊಂಡ ಹಳೇ ವಿಳಾಸ.

ಹಾಗಾಗಿ ಎರಡೂ ವಿಳಾಸಗಳನ್ನು ಆದಷ್ಟು ಕಾಲ ಜೊತೆಯಲ್ಲೇ ಓಡಿಸಿದೆವು. ಪತ್ರಕರ್ತರನ್ನು ಕೂರಿಸಿ, ಸೆಕ್ಯೂರ್‌ಡ್ರಾಪ್‌ನ ಪಟ್ಟಿಯಲ್ಲಿದ್ದ ಪ್ರತಿಯೊಬ್ಬ ಹೆಸರಿಲ್ಲದ ಸೋರ್ಸ್‌ಗೂ ಒಳಗಿನಿಂದಲೇ ಒಂದು ಉತ್ತರ ಹಾಕಿಸಿದೆ: ‘ವಿಳಾಸ ಬದಲಾಗಿದೆ, ಹೊಸದು ಇದು, ಕೋಡ್‌ನೇಮ್ ಹಳೆಯದೇ ನಡೆಯುತ್ತದೆ.’ ಹಿಂದಿನ ಮಾತುಕತೆಯ ಸುಳಿವು ಅದರಲ್ಲಿ ಒಂದಕ್ಷರವೂ ಬೇಡ ಅಂತ ಹಟ ಹಿಡಿದಿದ್ದೆ. ನಮ್ಮ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕುವಾಗ ಮೊದಲಿಂದ ಕೊನೆಯವರೆಗೆ ಅಕ್ಷರ ಅಕ್ಷರ ತಾಳೆ ನೋಡಿದೆವು. ಹೊಸ ಬಗೆಯ ಆನಿಯನ್ ವಿಳಾಸಗಳೆಲ್ಲ ‘ಡಿ’ ಅಕ್ಷರದಲ್ಲೇ ಮುಗಿಯುತ್ತವೆ, ಸುಮ್ನೆ ಬಾಲ ನೋಡಿ ಸರಿಯಿದೆ ಅನ್ನುವ ಹಾಗಿಲ್ಲ. ಆಮೇಲೂ ಕೆಲವರು ವಾಪಸ್ ಬರಲೇ ಇಲ್ಲ. ಉತ್ತರ ನೋಡಲಿಲ್ಲವೋ, ಹೇಳುವುದು ಮುಗಿದಿತ್ತೋ, ಕೇಳೋಣ ಅಂದರೆ ದಾರಿಯಿಲ್ಲ.

ಅದೇ ಹೊತ್ತಿಗೆ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಂ ಆಗಿದ್ದ ಉಬುಂಟು 16.04ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ ಸಿಗುವ ಕಾಲವೂ ಏಪ್ರಿಲ್‌ನಲ್ಲಿ ಮುಗಿಯುತ್ತಿತ್ತು. 20.04ಕ್ಕೆ ಹೋಗಲು ಬ್ಯಾಕಪ್ ತೆಗೆದು, ಸರ್ವರ್ ಪೂರ್ತಿ ಅಳಿಸಿ, ಹೊಸದಾಗಿ ಹಾಕಿ, ಬ್ಯಾಕಪ್ ವಾಪಸ್ ತರಬೇಕು. ಆನಿಯನ್ ವಿಳಾಸದ ಕೀ ಕೂಡ ಬ್ಯಾಕಪ್‌ನಲ್ಲೇ ಬರುತ್ತದೆ. ಅದಕ್ಕೇ ಮೊದಲು ವಿಳಾಸ, ಆಮೇಲೆ ಉಬುಂಟು ಅಂತ ಇಟ್ಟುಕೊಂಡೆ. ಟಾರ್ ಮೇಲೆ ದೊಡ್ಡ ಬ್ಯಾಕಪ್ ಇಳಿಸೋದು ಆಮೆ ನಡಿಗೆ, ಆದ್ದರಿಂದ ಹಳೇ ಫೈಲ್‌ಗಳನ್ನು ಇಳಿಸಿಕೊಂಡು ಸರ್ವರ್‌ನಿಂದ ಅಳಿಸಿ ಅಂತ ಪತ್ರಕರ್ತರ ಬೆನ್ನು ಬಿದ್ದೆ. ಸರ್ವರ್‌ನಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು, ಅಪ್‌ಡೇಟ್ ಇರಲಿ ಬಿಡಲಿ.

2025ರಲ್ಲಿ 24.04ಕ್ಕೆ ಹೋಗುವಾಗ ಇಷ್ಟೆಲ್ಲ ಇರಲಿಲ್ಲ. ಇದ್ದ ಜಾಗದಲ್ಲೇ ಅಪ್‌ಗ್ರೇಡ್ ಆಗುವ ಹಾಗೆ ಮಾಡಿಕೊಟ್ಟಿದ್ದರು. ಬ್ಯಾಕಪ್ ಮಾತ್ರ ತೆಗೆದೇ ಶುರು ಮಾಡಿದೆ.

ಎಲ್ಲರೂ ಮರೆಯುವುದು ಬೀರುವಿನಲ್ಲಿರುವ ಲ್ಯಾಪ್‌ಟಾಪನ್ನು. ಬಂದ ಫೈಲ್‌ಗಳ ಬೀಗ ತೆಗೆಯುವ ಕೀ ಅದಕ್ಕೆ ಹಾಕುವ ಟೇಲ್ಸ್ (ಪೆನ್‌ಡ್ರೈವ್‌ನಿಂದಲೇ ಓಡುವ ಆಪರೇಟಿಂಗ್ ಸಿಸ್ಟಂ) ಪೆನ್‌ಡ್ರೈವ್‌ನಲ್ಲಿರುತ್ತದೆ, ಆ ಲ್ಯಾಪ್‌ಟಾಪ್ ಎಂದೂ ನೆಟ್‌ಗೆ ಸೇರುವುದಿಲ್ಲ. ‘ನೆಟ್ಟೇ ಇಲ್ಲ ಅಂದ ಮೇಲೆ ಅಪ್‌ಡೇಟ್ ಯಾಕೆ ಸರ್?’ ಅಂತ ಒಬ್ಬ ವರದಿಗಾರರು ಕೇಳಿದರು. ಯಾರೋ ಗೊತ್ತಿಲ್ಲದವರು ಕಳಿಸಿದ ಪಿಡಿಎಫ್ ತೆರೆಯುವುದು ಅಲ್ಲೇ ತಾನೇ! ತೆರೆಯುವ ಪ್ರೋಗ್ರಾಂ ಹಳೆಯದಾದರೆ, ಅದರಲ್ಲಿನ ಗೊತ್ತಿರುವ ತೂತುಗಳೆಲ್ಲ ಹಾಗೇ ಉಳಿದಿರುತ್ತವೆ. ಹಾಗಾಗಿ ಹೊಸ ಟೇಲ್ಸ್ ಇರುವ ಇನ್ನೊಂದು ಪೆನ್‌ಡ್ರೈವ್‌ನಿಂದ ಕ್ಲೋನ್ ಮಾಡಿ ಅದನ್ನೂ ಅಪ್‌ಗ್ರೇಡ್ ಮಾಡುತ್ತೇನೆ.

ಕೊನೆಗೆ ನಾನೇ ಸೋರ್ಸ್ ಆಗಿ ಹೋಗಿ ಒಂದು ಫೈಲ್ ಹಾಕುತ್ತೇನೆ. ಅದು ಆ ಲ್ಯಾಪ್‌ಟಾಪ್‌ನಲ್ಲಿ ತೆರೆದು, ನಾನು ಬಿಟ್ಟ ಉತ್ತರ ಕೋಡ್‌ನೇಮ್ ಹಾಕಿದರೆ ಕಾಣುವವರೆಗೂ ಅಪ್‌ಡೇಟ್ ಮುಗಿಯಿತು ಅಂತ ಯಾರಿಗೂ ಹೇಳುವುದಿಲ್ಲ.